ನಾಲ್ಕ ಮೊಳದ ಗೇರು

ನಮ್ಮ ಅಂಗಳದ ಫರಸಿ ಮ್ಯಾಲ ಎರಡ ಕೆಂಪ ಗೆರಿ ಅದಾವು. ಬ್ಲೌಸ್ ಹೊಲಿಸಾಕ ಬಂದವರೆಲ್ಲಾ, "ಏನ್ರಿ ಅಕ್ಕಾರ, ಹುಡುಗೂರು ಕುಂಟಾಬಿಲ್ಲಿ ಆಡ್ಯಾರೇನು?" ಅಂತ ಕೇಳತಾರ. ಹುಡುಗೂರ ಆಟ ಅಲ್ರಿ ಅದು. 71 ವರ್ಷದ ನಮ್ಮ ಮಾವಾರ ಸಾಯಕಲ್ಲಿನ ಲೆಕ್ಕ. ಮೊದಲ ಚಾಕಪೀಸಿಲೆ ಹಾಕಿದ್ದೆ, ಎಮ್ಮಿ ತುಳದು ಅಳಿಸಿಬಿಡ್ತು. ಆಮ್ಯಾಲ ಬಾಗಲಕ್ಕ ಹಚ್ಚಿ ಉಳದಿದ್ದ ಬಣ್ಣ ತಗೊಂಡು ಗಟ್ಟಿ ಮಾಡಿದೆ.

ನಮ್ಮ ಊರು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗೂ ರಸ್ತಾದಿಂದ ಸ್ವಲ್ಪ ಒಳಗ ಐತಿ. ಮನಿಯಿಂದ ಮಡ್ಡಿ ಹೊಲಕ್ಕ ಮೂರು ಕಿಲೋಮೀಟರ. ಮೊದಲ ಎರಡೂವರಿ ಕಿಲೋಮೀಟರ ಹಂಗೂ ಹಿಂಗೂ ಸಾಗತೈತಿ. ಕಡೀ ಅರ್ಧ ಕಿಲೋಮೀಟರ ಚಡ. ಅದರಾಗೂ ಹುಣಸಿ ಗಿಡದಿಂದ ಗುಡಿ ಕಟ್ಟಿ ತನಕ ಒಂದು 200 ಮೀಟರ ಐತಲ್ಲಾ, ಅಲ್ಲಿ ಎತ್ತಿನ ಗಾಡಿ ಏರಬೇಕಾದ್ರ ಎತ್ತು ಮೂಗಿಲೆ ಸೊಂಯ್ ಅಂತಿದ್ದುವು. ಗಡಿ ಕಡೆ ಮಂದಿ ನಾವು, ಏರಿಗೆ ಚಡ ಅಂತೀವಿ, ಇಳಕಲಿಗೆ ಉತಾರ ಅಂತೀವಿ. ಹೊಲದ ಕಾಗದಕ್ಕೂ ಉತಾರನ ಅಂತೀವಿ. ಮಾವಾರು ಒಮ್ಮೆ ಕಟ್ಟಿ ಮ್ಯಾಲ ಕುಂತು ಯಾರ ಮುಂದೋ, "ಚಡ ಹತ್ತಾಕ ಆಗದವಗ ಉತಾರದಾಗ ಹೆಸರ ಇದ್ರೇನು, ಬಿಟ್ರೇನು" ಅಂದಿದ್ದು ನನ್ನ ಕಿವಿಗೆ ಬಿತ್ತು. ನಕ್ಕೋಂತನ ಅಂದಿದ್ರು ಖರೆ. ಆದ್ರ ಅವತ್ತು ರಾತ್ರಿ ಅರ್ಧ ರೊಟ್ಟಿ ಉಂಡು ಎದ್ರು.

ಸಂಗತಿ ಏನಂದ್ರ, ಅವರ ಬಲಗಾಲ ಮೊಣಕಾಲ ಸವದೈತಿ. 1978ರಾಗ ತಂಬಾಕಿನ ರೊಕ್ಕದಾಗ ತಗೊಂಡ 28 ಇಂಚಿನ ಕರೀ ಸಾಯಕಲ್ ಅವರದು. ಆ ಚಡ ಅವರು ಎಂದೂ ತುಳದು ಹತ್ತಿದವರಲ್ಲ. ಹುಣಸಿ ಗಿಡದ ಬುಡಕ ಇಳಿಯೂದು, ದಬ್ಬಿಕೊಂಡು ಹೋಗೂದು, ಊರಾಗ ಎಲ್ಲಾರೂ ಹಂಗ. ಈಗ ದಬ್ಬಿಕೊಂಡು ನಡಿಯೂದೂ ಆಗವಲ್ದು, ನಡು ದಂಡಿ ಮ್ಯಾಲ ಕಾಲ ಎತ್ತಿ ಹಾಕೂದೂ ಆಗವಲ್ದು. ಕಣ್ಣಿನ ಆಪರೇಶನ್ ಆದ ಮ್ಯಾಲ ಮೊಪೆಡ್ ಮುಟ್ಟೂದಿಲ್ಲ ಅಂತ ಅವರ ಹೇಳ್ಯಾರ. ನಿಪ್ಪಾಣಿ ಡಾಕ್ಟರು, "ಅಜ್ಜಾರ, ಸಾಯಕಲ್ ಹೊಡೀರಿ, ಮೊಣಕಾಲಿಗೆ ಒಳ್ಳೇದ. ಆದ್ರ ಜೋರ ಹಾಕಿ ತುಳಿಯೂದು ಬ್ಯಾಡ. ಹಗೂರಕ, ಬಿರಬಿರನ ತುಳೀರಿ" ಅಂದ್ರು. ಹಗೂರಕ ತುಳಿಯೂ ಚಡ ಎಲ್ಲಿ ಸಿಗತೈತ್ರಿ?

ನಮ್ಮ ಮನಿಯವರು ದೀಪಾವಳಿ ಆದ ಮ್ಯಾಲ ಒಂದು ಮಾತ ತಗದ್ರು: "ಈ ಯುಗಾದಿಗೆ ಮಡ್ಡಿ ಹೊಲ ಲಾವಣಿಗೆ ಕೊಟ್ಟಬಿಡೋಣ." ಅವರದೂ ತಪ್ಪಲ್ಲ. ಅವರ ನೌಕರಿ ಚಿಕ್ಕೋಡಿಯಾಗ, ಮುಂಜಾನೆ ಹೋದ್ರ ಕತ್ತಲಾದ ಮ್ಯಾಲ ಬರತಾರ. ನಾಲ್ಕ ಎಕರೆ, ಹನ್ನೆರಡ ಮಾವಿನ ಗಿಡ, ಜ್ವಾಳ, ಸೇಂಗಾ. ನೋಡವರ ಇಲ್ಲದ ಹೊಲ ನಾಯಿ ಇಲ್ಲದ ಮನಿ ಇದ್ದಂಗ. ಮಾವಾರು ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಟ್ಟಿ ಹಿಡದು ಕುಂತ್ರು. ಹೊಲಕ್ಕ ಹೋಗೂದು ನಿಂತ ಮನಿಶ್ಯಾ ಎರಡ ತಿಂಗಳದಾಗ ಎಷ್ಟ ಮುದುಕ ಆಗತಾನ ಅನ್ನೂದು ನಾ ಕಣ್ಣಾರೆ ಕಂಡೆ.

ಅಷ್ಟರಾಗ ಸಂಕ್ರಾಂತಿಗೆ ಪುಣೆದಿಂದ ಮೈದುನ ಬಂದ. ಕಾರಿನ ಡಿಕ್ಕಿ ತಗದು ಮಡಚೂ ಸಾಯಕಲ್ ಒಂದು ಕೆಳಗ ಇಟ್ಟ. 20 ಇಂಚಿನ ಗಾಲಿ, ನಡು ದಂಡಿ ಮೊಣಕಾಲಿನಕಿಂತ ಕೆಳಗ, ಹಿಂದ ಏಳು ಗೇರು. ಫ್ಲ್ಯಾಟಿನ ಬಾಲ್ಕನಿಯಾಗ ಧೂಳ ತಿನ್ನಾಕತ್ತಿತ್ತು ಅಂತ. "ಅಪ್ಪಾ, ಇದನ್ನ ಹೊಡಿ, ಕಾಲ ಎತ್ತಿ ಹಾಕೂದ ಬ್ಯಾಡ" ಅಂದ. ಮಾವಾರು ಅದರ ಸುತ್ತ ಒಂದು ಸುತ್ತ ಹಾಕಿ, "ಸರ್ಕಸ್ಸಿನ ಕರಡೀದ ಇದು" ಅಂದ್ರು.

ಆದ್ರೂ ಮಾರನೇ ದಿನ ಹೊಡದ್ರು. ಯಾರೂ ಏಳೂದರೊಳಗ, ಕದ್ದು. ಮುಕ್ಕಾಲ ತಾಸಿನ್ಯಾಗ ಕುಂಟಿಕೋಂತ ತಿರುಗಿ ಬಂದ್ರು. ಹುಣಸಿ ಗಿಡದಿಂದ ಐವತ್ತ ಹೆಜ್ಜಿ ಸುದ್ದಾ ಹೋಗಾಕ ಆಗಲಿಲ್ಲಂತ. "ಗಾಲಿ ಸಣ್ಣದೈತಿ. ಸಣ್ಣ ಗಾಲಿಗೆ ಜೋರ ಭಾಳ ಬೀಳತೈತಿ" ಅಂದ್ರು. ಮನಿಯವರೂ ಹೌದಂದ್ರು, ಮೈದುನನೂ ಹೌದಂದ, ಓಣಿಯವರೂ ಹೌದಂದ್ರು. ನಾನೂ ಹೌದ ಅಂತ ತಿಳಕೊಂಡಿದ್ದೆ.

ನನಗ ಸಂಶೆ ಬಂದದ್ದು ಹೊಲಿಗಿ ಮಶಿನ್ ಮುಂದ ಕುಂತಾಗ. ನಂದು ಹಳೇ ಕಾಲಮಶಿನ್. ಕೆಳಗ ದೊಡ್ಡ ಗಾಲಿ, ಮ್ಯಾಲ ಸಣ್ಣ ಗಾಲಿ, ನಡುವ ಪಟ್ಟಾ. ಕೆಳಗಿಂದು ಒಂದ ಸಲ ತಿರುಗಿದ್ರ ಮ್ಯಾಲಿಂದು ಸರಸರ ಹಲವು ಸಲ ತಿರುಗತೈತಿ. ಅದಕ್ಕ ತೆಳ್ಳನ್ನ ಬಟ್ಟಿಗೆ ಛಲೋ, ಆದ್ರ ಜೀನ್ಸ ಪ್ಯಾಂಟಿನ ಕಾಲ ಮಡಚಿ ಹೊಲಿಯಾಗ ಕಾಲಿಗೆ ಗಟ್ಟಿ ಹತ್ತತೈತಿ. ಸಾಯಕಲ್ಲಿಂದೂ ಇದ ಅಲ್ಲೇನು? ಮುಂದಿನ ಚೈನ್ ಗಾಲಿ ಎಷ್ಟ ದೊಡ್ಡದು, ಹಿಂದಿಂದು ಎಷ್ಟ ಸಣ್ಣದು, ಅದರ ಮ್ಯಾಲ ನೆಲದ ಗಾಲಿ ಎಷ್ಟ ದೊಡ್ಡದು, ಈ ಮೂರೂ ಕೂಡೇ ಜೋರ ಆಗೂದು. ನಾವೆಲ್ಲಾ ಒಂದನ್ನ ಹಿಡದು ಉಳದ ಎರಡನ್ನ ಬಿಟ್ಟಿದ್ವಿ.

ಎದ್ದು ಹೋಗಿ ಹಲ್ಲ ಎಣಿಸಿದೆ. ಒಂದು ಹಲ್ಲಿಗೆ ಕುಂಕುಮ ಹಚ್ಚಿ ಎಣಿಸಬೇಕ್ರಿ, ಇಲ್ಲಾಂದ್ರ ಎಲ್ಲಿಂದ ಹಿಡದಿದ್ವಿ ಅನ್ನೂದು ಮರತ ಹೋಗತೈತಿ. ಮಾವಾರ ಕರೀ ಸಾಯಕಲ್ಲಿಗೆ ಮುಂದ 44, ಹಿಂದ 18. ಮಡಚೂ ಸಾಯಕಲ್ಲಿಗೆ ಮುಂದ 52, ಹಿಂದ 14ರಿಂದ 28ರ ತನಕ ಏಳು ಚಕ್ರ. ಆಮ್ಯಾಲ ಅಂಗಳದಾಗ ಗೆರಿ ಎಳದು, ಪಾಯಡಲ್ ನೆಟ್ಟಗ ಕೆಳಗ ಇಟ್ಟು, ನಮ್ಮ ಹುಡುಗಿ ಕಡೆ ಸಾಯಕಲ್ ಹಿಡಿಸಿ, ಪಾಯಡಲ್ ಒಂದು ಪೂರ್ತಿ ಸುತ್ತ ಬರೂ ತನಕ ದಬ್ಬಿಸಿದೆ. ಗಾಲಿ ಎಲ್ಲಿ ನಿಂತಿತೋ ಅಲ್ಲಿ ಇನ್ನೊಂದು ಗೆರಿ. ನಡುವ ನನ್ನ ಟೇಪು.

ಕರೀ ಸಾಯಕಲ್ಲು ಒಂದು ತುಳಿತಕ್ಕ 18 ಫೂಟ ಹೋತು. ಅಂದ್ರ ಹನ್ನೆರಡ ಮೊಳ. ಮಡಚೂ ಸಾಯಕಲ್ಲು ಎಲ್ಲಾಕಿಂತ ಭಾರ ಗೇರಿನ್ಯಾಗ 18 ಫೂಟ 9 ಇಂಚು! ಮಾವಾರು ನಂಬಲಿಲ್ಲ. ಕಟ್ಟಿಯಿಂದ ಇಳದು ಬಂದು ತಮ್ಮ ಕೈಲೆ ಎರಡ ಸಲ ಮೊಳ ಹಾಕಿದ್ರು. "ಅಲ್ಲವಾ, ಇಷ್ಟ ಸಣ್ಣ ಗಾಲಿ, ನನ್ನ ಸಾಯಕಲ್ಲಿನಕಿಂತ ದೂರ ಹೋಗತೈತಿ?" ಎರಡ ತಿಂಗಳದಾಗ ಅವರಾಗಿ ಕಟ್ಟಿ ಇಳದು ಬಂದದ್ದು ಅದ ಮೊದಲ.

ಅದರ ಗುಟ್ಟು ಇಷ್ಟರಿ. ಗಾಲಿ ಸಣ್ಣದಾದ್ರ ಒಂದು ಸುತ್ತಿಗೆ ನೆಲ ಕಮ್ಮಿ ಹೋಗತೈತಿ, ಅಂದ್ರ ತುಳಿಯೂದು ಹಗೂರ ಆಗಬೇಕು. ಕರೀ ಸಾಯಕಲ್ಲಿನ 44-18ನ್ನ ಇದ್ದಂಗ ತಂದು 20 ಇಂಚಿನ ಗಾಲಿಗೆ ಹಾಕಿದ್ರ ತುಳಿತಕ್ಕ ಹನ್ನೆರಡೂವರಿ ಫೂಟ ಅಷ್ಟ. ಊರ ತುಂಬ ಬಿರಬಿರ ತುಳೀಬೇಕಾಗತೈತಿ. ಅದಕ್ಕ ಮಾಡವರು ಮುಂದ 52 ಹಲ್ಲಿನ ದೊಡ್ಡ ತಾಟ ಕೂಡಿಸಿ ಕಳಕೊಂಡದ್ದನ್ನ ತಿರುಗಿ ತಂದಿರತಾರ. ಶಹರದ ಸಪಾಟ ರಸ್ತಾಕ್ಕ ಅದು ಬರೋಬ್ಬರಿ. ನಮ್ಮ ಮಡ್ಡಿಗೆ ಅದ ಅಡ್ಡ ಬಂದಿತ್ತು. ಗಾಲಿ ಮ್ಯಾಲಿನ ದೂರು ತಾಟಿನ ಮ್ಯಾಲ ಹೋಗಬೇಕಿತ್ತು.

ನಮ್ಮ ಹುಡುಗಿ ಇದನ್ನ ಮೊಬೈಲಿನ್ಯಾಗ ಓದಿ ಇನ್ನೊಂದು ರೀತಿ ಹೇಳಿದ್ಲು. ಮುಂದ ದೊಡ್ಡ, ಹಿಂದ ಸಣ್ಣ ಗಾಲಿ ಇರೂ ಹಳೇ ಚಿತ್ರದಾಗಿನ ಸಾಯಕಲ್ ನೋಡೀರಲ್ಲಾ, ಅದಕ್ಕ ಚೈನ್ ಇರಲಿಲ್ಲ, ಪಾಯಡಲ್ ಮುಂದಿನ ಗಾಲಿಗೇ ಇತ್ತು. ಎಷ್ಟ ದೊಡ್ಡ ಗಾಲಿಯೋ ಅಷ್ಟ ಭಾರದ ಗೇರು. ಚೈನ್ ಬಂದ ಮ್ಯಾಲೂ ಮಂದಿ ಲೆಕ್ಕ ಅದರಾಗ ಇಟ್ರು. ಗಾಲಿಯ ಇಂಚನ್ನ ಮುಂದಿನ ಹಲ್ಲಿಲೆ ಗುಣಿಸಿ ಹಿಂದಿನ ಹಲ್ಲಿಲೆ ಭಾಗಿಸೂದು. ಕರೀ ಸಾಯಕಲ್ಲಿಗೆ 68 ಬಂತು. ಮಡಚೂದಕ್ಕ ಭಾರದ ಗೇರು 74, ಹಗೂರದ ಗೇರು 37. "ಅಜ್ಜಾ, ಹಗೂರದಾಗ ನಿಂದು 37 ಇಂಚಿನ ಗಾಲಿ" ಅಂದ್ಲು. ಅವರಿಗೆ ಇದು ತಿಳೀಲಿಲ್ಲ, ಮೊಳನ ತಿಳೀತು. ನಾವೂ ಮೊಳದಾಗ ಉಳದ್ವಿ. ಹಗೂರದ ಗೇರು ಆರ ಮೊಳ, ಮ್ಯಾಲ ಅರ್ಧ ಗೇಣು.

ಇನ್ನ ಮುಂದಿನ ಪ್ರಶ್ನೆ: ನಮ್ಮ ಚಡಕ್ಕ ಎಷ್ಟ ಮೊಳ ಬೇಕು? ಚಡ ಎಷ್ಟೈತಿ ಅನ್ನೂದ ಗೊತ್ತಿಲ್ಲದ ಗೇರ ಆರಿಸಿದ್ರ, ಅಳತಿ ತಗೊಳ್ಳದ ಬ್ಲೌಸ್ ಕತ್ತರಿಸಿದಂಗ. ಗೌಂಡಿ ಕಡೆಯಿಂದ ನೀರಗುಳ್ಳಿ ಇರೂ ಲೆವಲ್ ಇಸಕೊಂಡು, ನಾಲ್ಕ ಫೂಟಿನ ಹಲಗಿ ಹಿಡಕೊಂಡು, ನಾನೂ ಹುಡುಗಿನೂ ಹುಣಸಿ ಗಿಡಕ್ಕ ಹೋದ್ವಿ. ಹಲಗಿಯ ಒಂದು ತುದಿ ಏರಿನ ಕಡೆ ನೆಲಕ್ಕ ಇಟ್ಟು, ಇನ್ನೊಂದು ತುದಿ ಗುಳ್ಳಿ ನಡುವ ಬರೂ ತನಕ ಎತ್ತಿದ್ರ, ಕೆಳಗ 5 ಇಂಚು ಸಂದ ಬಂತು. 48 ಇಂಚಿಗೆ 5. ನೂರು ಹೆಜ್ಜಿಗೆ ಹತ್ತ ಹೆಜ್ಜಿಗಿಂತ ಕೂದಲೆಳಿ ಹೆಚ್ಚಿನ ಏರು. ಮೂರ ಕಡೆ ಅಳದ್ವಿ, ಅಷ್ಟಿಷ್ಟ ಅದ. ಕಬ್ಬಿನ ಟ್ರ್ಯಾಕ್ಟರ್ ಹೊಡಿಯೂ ಹುಡುಗ ಒಬ್ಬ ನಿಂತು, "ಕಾಕು, ರಸ್ತೆ ಡಾಂಬರ ಆಗತೈತೇನ್ರಿ?" ಅಂತ ಕೇಳಿ ಹೋದ. ಆಗಲಿ ಅಂದೆ.

ನೀವು ನಿಪ್ಪಾಣಿಯಿಂದ ಸಂಕೇಶ್ವರದ ಕಡೆ ಹೆದ್ದಾರಿಯೊಳಗ ಹೋಗಿದ್ರ ತವಂದಿ ಘಾಟ ನೋಡಿರತೀರಿ. ಲೋಡ ಲಾರಿ ಘಾಟಿನ ಬುಡದಾಗ ಗೇರ ಇಳಿಸಿ, ಗುರ್ ಅಂತ, ಇರವಿ ಹತ್ತಿದಂಗ ಹತ್ತತಾವು. ಇಂಜಿನ್ ಮಾತ್ರ ಬಿರಬಿರ ತಿರುಗತಿರತೈತಿ. ಡಾಕ್ಟರು ಹೇಳಿದ್ದೂ ಅದನ್ನ. ಏರಿನ ಒಟ್ಟು ಕೆಲಸ ಒಂದ ಕಾಸೂ ಕಮ್ಮಿ ಆಗೂದಿಲ್ಲ. ಸಂಘದ ಸಾಲ ಇದ್ದಂಗ ಅದು. ಕಂತು ಸಣ್ಣ ಮಾಡಿಸಿಕೊಂಡ್ರ ಕಂತು ಹೆಚ್ಚ ಆಗತಾವು, ಆದ್ರ ಒಂದೊಂದು ಸಲ ಕಟ್ಟೂದು ಕೈಗೆ ಎಟಕತೈತಿ. ಆ 200 ಮೀಟರಕ್ಕ ಇದ್ದ ಹಗೂರದ ಗೇರಿನ್ಯಾಗ 70 ತುಳಿತ. ನಾಲ್ಕ ಮೊಳಕ್ಕ ಇಳಿಸಿದ್ರ 105 ತುಳಿತ, ಒಂದೊಂದು ತುಳಿತದ ಜೋರ ಮಾತ್ರ ಮೂರನೇ ಒಂದು ಪಾಲು ಕಮ್ಮಿ. ಮೊಣಕಾಲಿಗೆ ಎಣಿಕಿ ಗೊತ್ತಾಗೂದಿಲ್ರಿ, ಜೋರ ಗೊತ್ತಾಗತೈತಿ.

ಹಂಗಾದ್ರ ಮೂರ ಮೊಳಕ್ಕ, ಎರಡ ಮೊಳಕ್ಕ ಯಾಕ ಇಳಿಸಬಾರದು? ಇದನ್ನ ನಾನೂ ಕೇಳಿಕೊಂಡೆ. ಭಾಳ ಹಗೂರ ಆದ್ರ ಸಾಯಕಲ್ಲು ನಡಗಿಗಿಂತ ಮೆಲ್ಲಕ ಹೋಗತೈತಿ, ಆವಾಗ ತೋಲ ನಿಲ್ಲೂದಿಲ್ಲ. ಅದರಾಗ ಸಣ್ಣ ಗಾಲಿಯ ಹ್ಯಾಂಡಲ್ ಮೊದಲ ಚಂಚಲ, ಮುಟ್ಟಿದ್ರ ತಿರುಗತೈತಿ. ನಾಲ್ಕ ಮೊಳದಾಗ ನಿಮಿಷಕ್ಕ 45 ತುಳಿತ ತುಳದ್ರ ತಾಸಿಗೆ ಐದು ಕಿಲೋಮೀಟರ. ಅದರ ಕೆಳಗ ಮಾವಾರು ಬೀಳತಾರ ಅನಿಸ್ತು. ಅಲ್ಲಿಗೆ ನಿಲ್ಲಿಸಿದೆ.

ಕೆಳಗ ಇಳಿಸಿದ್ದು ಮ್ಯಾಲಿಂದ ಕಳಕೋಬೇಕು. ಇದು ಮನಿಯಾಗ ದೊಡ್ಡ ವಾದ ಆತು. ಮುಂದ 52 ತಗದು 42 ಹಾಕಿ, ಹಿಂದ ಕಡೀ ಚಕ್ರ 28ರ ಬದಲಿ 34ರದು ಹಾಕಿದ್ರ ಹಗೂರದ ಗೇರು 6 ಫೂಟ 3 ಇಂಚು. ನಾಲ್ಕ ಮೊಳ, ಮ್ಯಾಲ ಮೂರ ಇಂಚು. ಭಾರದ್ದು ಹನ್ನೆರಡೂವರಿ ಮೊಳ ಇದ್ದದ್ದು ಹತ್ತ ಮೊಳಕ್ಕ ಇಳೀತು. ಮೈದುನ ಫೋನಿನ್ಯಾಗ, "ವೈನಿ, ಸಪಾಟಿನ್ಯಾಗ ಸ್ಪೀಡ ಹೋಗತೈತ್ರಿ. ಹಿಂದಿಂದ ಅಷ್ಟ ಬದಲಿ ಮಾಡ್ರಿ, ಮುಂದಿಂದು ಇರಲಿ" ಅಂದ. ಹಂಗ ಮಾಡಿದ್ರ ಹಗೂರದ್ದು ಐದ ಮೊಳದ ಮ್ಯಾಲ ಉಳೀತೈತಿ. ಖರ್ಚು ಕಮ್ಮಿ, ಕೆಲಸಾನೂ ಕಮ್ಮಿ.

ನನ್ನ ತವರಮನಿ ಉಗಾರದ ಕಡೆ, ಕಾಗವಾಡ ತಾಲೂಕು. ನಾ ಸಾಲಿಗೆ ಹೋಗೂವಾಗ ಅದು ಅಥಣಿ ತಾಲೂಕಿನ್ಯಾಗ ಇತ್ತು. ಕೃಷ್ಣಾ ದಂಡಿಯ ಎರಿ ನೆಲ, ಒಲಿ ಮ್ಯಾಲಿನ ಹಂಚಿನಂಗ ಸಪಾಟ. ಅಪ್ಪನ ಸಾಯಕಲ್ಲಿನ ದಂಡಿ ಒಳಗಿಂದ ಕಾಲ ತೂರಿಸಿ ತುಳಿಯಾಕ ಕಲತವಳು ನಾನು. ಅಲ್ಲಿ ಚಡ ಅನ್ನೂದು ಕಾಲುವಿ ಏರಿ ಒಂದ. ಅಲ್ಲಿ ವೈರಿ ಅಂದ್ರ ಆಷಾಢದ ಎದುರುಗಾಳಿ, ಮತ್ತ ಹಂಗಾಮಿನ್ಯಾಗ ಫ್ಯಾಕ್ಟರಿಗೆ ಹೋಗೂ ಕಬ್ಬಿನ ಟ್ರ್ಯಾಕ್ಟರಿನ ಸಾಲು. ಆ ಊರಿಗಾದ್ರ ಮೈದುನ ಹೇಳಿದ್ದ ಖರೆ, ನಾ 52ನ್ನ ಮುಟ್ಟತಿರಲಿಲ್ಲ. ರಾಯಬಾಗದಾಗಿನ ನಮ್ಮ ನಾದಿನಿಗೂ ಸ್ಟೇಶನ್ನಿಗೆ ಹೋಗಿ ಬರಾಕ ಅದ ಸಾಕಾಗಿತ್ತು. ಚಿಕ್ಕೋಡಿಯಿಂದ ಅಂಕಲಿ ಕಡೆ ಹೊಂಟ್ರ ನದಿ ತನಕ ಇಳಕೋಂತನ ಹೋಗತೀರಿ, ನಿಪ್ಪಾಣಿ ಕಡೆ ಹೊಂಟ್ರ ನೆಲನ ಬ್ಯಾರೆ. ಒಂದ ಸೀಮಿಯ ಐದ ಊರಿಗೆ ಒಂದ ಗೇರು ಆಗೂದಿಲ್ಲ. ಮಾವಾರು ಹೋಗೂದು ಎಲ್ಲಿಗೆ, ಮಡ್ಡಿಗೆ. ಹತ್ತ ಮೊಳದಾಗ ನಿಮಿಷಕ್ಕ 60 ತುಳದ್ರ ತಾಸಿಗೆ 16 ಕಿಲೋಮೀಟರ ಆಗತೈತಿ. 71 ವರ್ಷದವರಿಗೆ ಇದಕ್ಕಿಂತ ಜೋರ ಯಾಕ ಬೇಕ್ರಿ? ಉತಾರದಾಗಂತೂ ಯಾರೂ ತುಳಿಯೂದಿಲ್ಲ. ಹತ್ತಾಕ ಆಗದ ಚಡ ಮನಿಗೆ ತಿರುಗಿಸಿ ಕಳಸತೈತಿ, ಸಿಗದ ಸ್ಪೀಡು ಐದ ನಿಮಿಷ ತಡ ಮಾಡತೈತಿ ಅಷ್ಟ. ಎರಡೂ ಬದಲಿ ಮಾಡೂದು ಅಂತ ನಾನ ಠರಾವ ಹೊರಡಿಸಿದೆ. ರೊಕ್ಕ ನನ್ನ ಹೊಲಿಗಿ ಡಬ್ಬಿಯೊಳಗಿಂದು, ಹಂಗಾಗಿ ಯಾರೂ ಭಾಳ ಮಾತಾಡಲಿಲ್ಲ.

ಮಾತಾಡಿದವರು ಮಾವಾರ ಒಬ್ಬರ. ಅವರಿಗೆ ಗೇರಿಂದ ನಾಚಿಕಿ. "ಗೇರ ಹಾಕಿ ಹತ್ತೂದು ಹುಡುಗೂರ ಕೆಲಸ. ಮಂದಿ ನಗತಾರವಾ" ಅಂದ್ರು. ಆವಾಗ ಹುಡುಗಿ ಓದಿ ಹೇಳಿದ್ಲು: ಫ್ರಾನ್ಸ್ ದೇಶದಾಗ 1903ರಿಂದ ನಡಿಯೂ ದೊಡ್ಡ ಸಾಯಕಲ್ ಸ್ಪರ್ಧೆಯೊಳಗ, ಟೂರ್ ಡಿ ಫ್ರಾನ್ಸ್ ಅಂತಾರ, 1937ರ ತನಕ ಈ ಚೈನ್ ಸರಿಸೂ ಗೇರಿಗೆ ಪರವಾನಗಿನ ಇರಲಿಲ್ಲ. ಅದನ್ನ ಶುರು ಮಾಡಿದ ಆನ್ರಿ ದೆಗ್ರಾಂಜ್ ಅನ್ನವರೂ ಮಾವಾರಂಗ. ಗೇರು ಅನ್ನೂದು 45 ದಾಟಿದವರಿಗೆ ಅಷ್ಟ ಅಂತ 1902ರಾಗ ಬರದಿದ್ರಂತ. ಮಾವಾರು ಸ್ವಲ್ಪ ಹೊತ್ತ ಸುಮ್ಮ ಕುಂತು, "45 ದಾಟಿದವರಿಗೆ ಅಂದ್ರ ನನಗ 26 ವರ್ಷದ ಬಾಕಿ ಬರಬೇಕಲ್ಲೇ ಹಂಗಾದ್ರ" ಅಂದ್ರು. ಸಣ್ಣ ಗಾಲಿ ಕರಡೀದಲ್ಲ ಅನ್ನೂದಕ್ಕೂ ಆಕಿ ಕಡೆ ಉತ್ತರ ಇತ್ತು. ಮಿನಿ ಅನ್ನೂ ಕಾರಿಗೆ ರಬ್ಬರಿನ ಸಸ್ಪೆನ್ಶನ್ ಮಾಡಿದ ಬ್ರಿಟನ್ನಿನ ಇಂಜಿನಿಯರ್ ಅಲೆಕ್ಸ್ ಮೌಲ್ಟನ್ 1962ರಾಗ 16 ಇಂಚಿನ ಗಾಲಿಯ ಸಾಯಕಲ್ ತಗದು ದೊಡ್ಡವರ ಕೈಗೇ ಕೊಟ್ಟಿದ್ರು.

ಊರ ಹತ್ತಿರದ ಸಾಯಕಲ್ ಅಂಗಡಿಯವರು ನೋಡಿ, ಪಾಯಡಲ್ ಕೈ ಬಿಚ್ಚೂದು ತಮ್ಮಿಂದ ಆಗೂದಿಲ್ಲ ಅಂದ್ರು. ಅವರ ಕೈ ಪಿನ್ನು ಸುತ್ತಗಿಲೆ ಹೊಡದು ತಗಿಯೂ ಹಳೇ ಸಾಯಕಲ್ಲಿಗೆ ಪಳಗಿದ್ದು. ಇದಕ್ಕ ಪಿನ್ನ ಇಲ್ಲ, ಹಿಡದು ಎಳಿಯೂ ಸ್ಕ್ರೂ ಪಾನಾ ಬೇಕು. ನಿಪ್ಪಾಣಿಯ ಹುಡುಗ ಒಬ್ಬನ ಹತ್ತರ ಅದಿತ್ತು. ಸಾಮಾನ ಅವ ಕೊಲ್ಲಾಪುರದಿಂದ ತರಿಸಿದ. 42 ಹಲ್ಲಿನ ತಾಟು ಕೈ ಸಮೇತ, ಮತ್ತ 14ರಿಂದ 34ರ ಫ್ರೀವ್ಹೀಲು. ಈ ಫ್ರೀವ್ಹೀಲಿನ ಮೊದಲ ಆರ ಚಕ್ರ ಹಳೇದಕ್ಕೂ ಇದಕ್ಕೂ ಒಂದ: 14, 16, 18, 20, 22, 24. ಕಡೀದು ಮಾತ್ರ 28ರ ಬದಲಿ 34. ಹಂಗಾಗಿ ಗೇರಿನ ಗುಂಡಿ ಬದಲಿ ಬೇಕಾಗಲಿಲ್ಲ. ಚೈನೂ ಹೊಸಾದು ಬೇಕಾಗಲಿಲ್ಲ, ಹಿಂದ ಆರ ಹಲ್ಲ ಹೆಚ್ಚಾದ್ರೂ ಮುಂದ ಹತ್ತ ಕಮ್ಮಿ ಆಗಿದ್ದುವು. ಚೈನ್ ಸರಿಸೂ ತೋಳು 34ರ ತನಕ ತಾಳತೈತೇನು ಅಂತ ಅವ ಮೊದಲ ನೋಡಿದ. ಇದನ್ನ ನೀವೂ ಕೇಳ್ರಿ, ಎಲ್ಲಾ ತೋಳೂ ತಾಳೂದಿಲ್ಲ. ಸಣ್ಣ ಗಾಲಿಗೆ ಆ ತೋಳು ನೆಲಕ್ಕ ಭಾಳ ಹತ್ತಿರ ಜೋತಾಡತೈತಿ. ಗಾಡಿ ಹಾದಿಯ ನಡುವಿನ ಹುಲ್ಲು, ಕಲ್ಲು, ಕಬ್ಬಿನ ಸೋಗಿ ಎಲ್ಲಾ ಅದಕ್ಕ ಬಡೀತಾವು. ಮಳಿಗಾಲದಾಗ ಎರಿ ಮಣ್ಣು ತುಂಬಿದ್ರ ಏನಾಗತೈತಿ ನೋಡಬೇಕು ಇನ್ನ.

ಎಲ್ಲಾ ಸರಿ ಆತು ಅಂತ ತಿಳಕೊಂಡ್ವಿ. ಯುಗಾದಿ ಹತ್ತ ದಿನ ಇತ್ತು. ಲಾವಣಿ ಹಿಡಿಯವರೂ ಎರಡ ಸಲ ಬಂದು ಚಹಾ ಕುಡದು ಹೋಗಿದ್ರು.

ಮಾವಾರು ಬಿದ್ರು.

ಚಡದ ನಡುವ. 24ರ ಚಕ್ರದಾಗ ಹತ್ತಾಕ ಹೋಗಿ, ಆಗವಲ್ದಂತ ತಿಳದ ಮ್ಯಾಲ, ಪೂರ್ತಿ ಜೋರ ಹಾಕಿ ತುಳಕೋಂತನ ಗುಂಡಿ ಒತ್ಯಾರ. ಚೈನು 34ನ್ನ ಹಾರಿ ಆಚೆ ಹೋಗಿ ಗಾಲಿಯ ಕಡ್ಡಿಯೊಳಗ ಸಿಕ್ಕೈತಿ. ಸಾಯಕಲ್ ಗಕ್ಕನ ನಿಂತೈತಿ. ಪುಣ್ಯಾಕ್ಕ ಹುಲ್ಲಿನ ಕಡೆ ಬಿದ್ರು. ಮೊಣಕೈ ತರಚಿತ್ತು, ಧೋತರ ಹರದಿತ್ತು. ಅತ್ತಿಯವರು ಅರಿಷಿಣ ಹಚ್ಚಿಕೋಂತ ನನ್ನ ಕಡೆ ನೋಡದನ, "ಆ ಹಾಳಾದ್ದನ್ನ ಅಟ್ಟಕ್ಕ ಹಾಕ್ರಿ" ಅಂದ್ರು. ಮನಿಯವರು ಏನೂ ಅನ್ನಲಿಲ್ಲ. ಅವರು ಬೈದಿದ್ರ ಛಲೋ ಇತ್ತು. ರಾತ್ರಿ ನನಗ ನಿದ್ದಿ ಬರಲಿಲ್ಲ. ನಾ ಮೊಳ ಹಾಕಿದ್ದು, ನಾ ರೊಕ್ಕ ಕೊಟ್ಟಿದ್ದು, ಬಿದ್ದವರು ಅವರು. ಸೊಂಟದ ಎಲವು ಮುರದಿದ್ರ?

ಮುಂಜಾನೆ ಎದ್ದು ಸಾಯಕಲ್ಲನ್ನ ಸೀಟು ಕೆಳಗ, ಗಾಲಿ ಮ್ಯಾಲ ಮಾಡಿ ನಿಲ್ಲಿಸಿದೆ. ಆ ತೋಳಿಗೆ ಎರಡ ಸಣ್ಣ ಸ್ಕ್ರೂ ಇರತಾವು. ಒಂದು ಚೈನು ಗಾಲಿ ಕಡೆ ಎಲ್ಲಿ ತನಕ ಹೋಗಬೇಕು ಅಂತ ಬೇಲಿ ಹಾಕತೈತಿ, ಇನ್ನೊಂದು ಹೊರಗಿನ ಬೇಲಿ. ಒಳಗಿನ ಬೇಲಿ ಸಡಲಿತ್ತು. ನನ್ನ ಹೊಲಿಗಿ ಮಶಿನ್ನಿನ ಸಣ್ಣ ಸ್ಕ್ರೂಡ್ರಾಯವರ ಬರೋಬ್ಬರಿ ಕುಂತಿತು. ಕಾಲ ಸುತ್ತು, ಅರ್ಧ ಸುತ್ತು, ಕೈಲೆ ಪಾಯಡಲ್ ತಿರುಗಿಸಿ ನೋಡೂದು, ಮತ್ತ ಕಾಲ ಸುತ್ತು. ಚೈನು 34ರ ಮ್ಯಾಲ ಬಂದು ಕುಂತು, ಎಷ್ಟ ಒತ್ತಿದ್ರೂ ಆಚೆ ಹೋಗದಂಗ ಆತು.

ಅದು ಅರ್ಧ ಕಾರಣ. ಉಳದ ಅರ್ಧ ನಾನ ಹತ್ತಿ ನೋಡಿದ ಮ್ಯಾಲ ತಿಳೀತು. ಮದುವಿ ಆಗಿ ಈ ಊರಿಗೆ ಬಂದು ಇಪ್ಪತ್ತ ವರ್ಷದಾಗ ನಾ ಸಾಯಕಲ್ ಹತ್ತಿರಲಿಲ್ಲ. ಇನ್ನೂ ಬೆಳಕ ಹರದಿರಲಿಲ್ಲ, ಹುಡುಗಿ ಬ್ಯಾಟರಿ ಹಿಡದು ಹಿಂದ ಓಡಿ ಬಂದ್ಲು. 24ರ ಚಕ್ರದಾಗ ತುಳಿತಕ್ಕ ಆರ ಮೊಳ, ಅದರ ಮುಂದಿಂದು ಒಮ್ಮಿಗೇ ನಾಲ್ಕ ಮೊಳ. ನಡುವ ಮೆಟ್ಟಲ ಇಲ್ಲ. ಚಡದಾಗ ಸಿಕ್ಕ ಮ್ಯಾಲ ಆ ಮೆಟ್ಟಲ ಇಳಿಯಾಕ ಹೋದ್ರ ಚೈನು ಒದ್ದಾಡತೈತಿ, ಕಾಲು ಗಾಳ್ಯಾಗ ತುಳದಂಗ ಆಗತೈತಿ. ತವಂದಿ ಘಾಟಿನ ಲಾರಿಯವರು ಬುಡದಾಗನ ಗೇರ ಇಳಿಸೂದು ಸುಮ್ಮ ಅಲ್ಲ. ಹುಣಸಿ ಗಿಡ ಬರೂಕಿಂತ ಹತ್ತ ಹೆಜ್ಜಿ ಮೊದಲ, ಇನ್ನೂ ನೆಲ ಸಪಾಟ ಇದ್ದಾಗ, ಕಾಲ ಸಡಲ ಬಿಟ್ಟು ಗುಂಡಿ ಒತ್ತಿದೆ. ಟಕ್ ಅಂತ ಕುಂತಿತು. ಆಮ್ಯಾಲ ಎಣಿಸಿಕೋಂತ ತುಳದೆ. ನೂರಾ ಹನ್ನೊಂದಕ್ಕ ಗುಡಿ ಕಟ್ಟಿ. ಆರ ತುಳಿತ ಹೆಚ್ಚಾದದ್ದು ನಾ ಹಾವಿನಂಗ ಹೋಗಿದ್ದಕ್ಕ.

ಮನಿಗೆ ಬಂದು, "ಹತ್ತತೈತ್ರಿ ಮಾವಾರ" ಅಂದೆ.

"ಯಾರ ಹತ್ತಿದ್ರು?"

"ನಾನರಿ."

ಅವರು ನನ್ನ ಸೀರಿ ನಿರಿಗಿಗೆ ಹತ್ತಿದ ಚೈನಿನ ಗ್ರೀಸ್ ನೋಡಿದ್ರು. ನಗಲಿಲ್ಲ. "ಮೊದಲ ಗುಂಡಿ ಒತ್ತಬೇಕೇನವಾ?" ಅಂತ ಕೇಳಿದ್ರು. ಸಂಜೀಕ ಒಂದು ಬೊಗಸಿ ಸುಣ್ಣ ತಗೊಂಡು ಹೋಗಿ ಹುಣಸಿ ಗಿಡದ ಈಚೆ ಕಲ್ಲಿಗೆ ಬಳದು ಬಂದ್ರು. ಅಲ್ಲಿ ಒತ್ತೂದು. ಅಥಣಿ ಚಪ್ಪಲಿ ಪಾಯಡಲ್ ಮ್ಯಾಲಿಂದ ಜಾರತಾವ ಅಂತ ಮೊಮ್ಮಗಳ ಹಳೇ ಬೂಟ ಹಾಕಿಕೊಂಡ್ರು. ಮೂರನೇ ದಿನ ಕಟ್ಟಿ ಮುಟ್ಟಿದ್ರು. ನಡುವ ಒಮ್ಮೆ ಇಳದೀನಿ ಅಂತ ಅವರ ಹೇಳಿದ್ರು. ಐದನೇ ದಿನ ಇಳೀಲಿಲ್ಲ.

ಯುಗಾದಿ ದಿನ ಬೇವು-ಬೆಲ್ಲ ಹಂಚೂ ಹೊತ್ತಿಗೆ ಲಾವಣಿ ಹಿಡಿಯವರು ಬಂದ್ರು. ಮಾವಾರು ಮನಿಯಾಗ ಇರಲಿಲ್ಲ, ಹೊಲಕ್ಕ ಹೋಗಿದ್ರು. ನಮ್ಮ ಮನಿಯವರು ಅವರನ್ನ ಕುಂಡ್ರಿಸಿ, ಒಂದು ತಾಸ ಕಾದ್ರು. ಮಾವಾರು ಹ್ಯಾಂಡಲ್ಲಿಗೆ ಮಾವಿನ ಎಲಿ ಕಟಗೊಂಡು ಬಂದು ಇಳದ್ರು. ಮಾತ ಭಾಳ ಆಗಲಿಲ್ಲ. ಕೆಳಗಿನ ಎರಡ ಎಕರೆ ಲಾವಣಿಗೆ ಹೋತು. ಅದೂ ಹೋಗಬಾರದಿತ್ತು ಅಂತ ಅತ್ತಿಯವರು ಈಗ ಅಂತಾರ, ಅವತ್ತ ಅಟ್ಟಕ್ಕ ಹಾಕ್ರಿ ಅಂದವರ ಇವರ. ಮ್ಯಾಲಿನ ಎರಡ ಎಕರೆ, ಮಾವಿನ ಗಿಡ ಇದ್ದದ್ದು, ಉಳೀತು. ಈ ವರ್ಷಕ್ಕಂತೂ ಉಳೀತು.

ಕರೀ ಸಾಯಕಲ್ ದನದ ಮನಿಯಾಗ ಗ್ವಾಡಿಗೆ ಆನಿಸಿ ನಿಂತೈತಿ. ತಿಂಗಳಿಗೊಮ್ಮೆ ಮಾವಾರು ಅದಕ್ಕ ಗಾಳಿ ಹೊಡೀತಾರ, ಎಣ್ಣಿ ಬಿಡತಾರ. ಹೊಡಿಯೂದಿಲ್ಲ.

ಈಗ ಬ್ಯಾರೆ ಚಿಂತಿ ಶುರು ಆಗೈತಿ. ಹತ್ತೂದು ಆತು, ಬರೂವಾಗ ಕ್ಯಾರಿಯರಿಗೆ ಮೇವಿನ ಹೊರಿ ಕಟಗೊಂಡು ಬರತಾರ. ಅದ ಚಡ, ಈಗ ಉತಾರ. ಅಲ್ಲಿ ಯಾವ ಗೇರೂ ಉಪಯೋಗ ಇಲ್ಲ, ಬ್ರೇಕ ಒಂದ ಗತಿ. ನಿನ್ನಿ ತಿರುಗಿಸಿ ನೋಡಿದೆ, ಹಿಂದಿನ ಬ್ರೇಕಿನ ರಬ್ಬರು ಉಗರಿನಷ್ಟ ಉಳದೈತಿ. ಗುರುವಾರ ಹುಕ್ಕು, ಬಟನ್ ತರಾಕ ನಿಪ್ಪಾಣಿಗೆ ಹೋಗೂದೈತಿ. ಎರಡ ಜೋಡಿ ರಬ್ಬರ ತರಬೇಕು, ಒಂದು ಹಾಕಾಕ, ಒಂದು ಡಬ್ಬಿಯಾಗ ಇಡಾಕ. ಅಲ್ಲಿ ತನಕ ಹೊರಿ ಅರ್ಧ ಕಟ್ರಿ ಅಂತ ಹೇಳೀನಿ. ಕೇಳತಾರೋ ಇಲ್ಲೋ.